ಊಟಿ ಡಾಗ್ ಶೋಗೆ ನಾಯಿ ಜೊತೆ ಹೊರಟಿದ್ದೀರಾ? ಮೊದಲು ರಿಂಗ್, ಆಮೇಲೆ ಊರು ಸುತ್ತಾಟ

ಪ್ರತಿ ಮೇ ತಿಂಗಳು ಇದೇ ಕಥೆ. ಮೈಸೂರು, ಬೆಂಗಳೂರಿನಿಂದ ಊಟಿ ಡಾಗ್ ಶೋಗೆ ಹೋದವರು ವಾಪಸ್ ಬಂದು ಒಂದೇ ದೂರು ಹೇಳುತ್ತಾರೆ. "ಮನೆ ಮುಂದೆ ಎಷ್ಟು ಚೆನ್ನಾಗಿ ಓಡುತ್ತಿತ್ತು, ರಿಂಗ್‌ನಲ್ಲಿ ಬಾಲ ಮುದುರಿಕೊಂಡು ನಿಂತುಬಿಟ್ಟಿತು." ರಿಂಗ್ ಅಂದರೆ ತೀರ್ಪುಗಾರರ ಮುಂದೆ ನಾಯಿಯನ್ನು ಓಡಿಸಿ ತೋರಿಸುವ ಜಾಗ. ಹಿಂದಿನ ದಿನ ಏನು ಮಾಡಿದಿರಿ ಅಂತ ಕೇಳಿ ನೋಡಿ. ದಾರಿಯಲ್ಲಿ ಅರಮನೆ, ನಂಜನಗೂಡು, ಊಟಿ ಮುಟ್ಟಿದ ಮೇಲೆ ಬೋಟ್ ಹೌಸ್, ಚಾಕೊಲೇಟ್ ಅಂಗಡಿ. ನಾಯಿ ಅಷ್ಟು ಹೊತ್ತೂ ಕಾರಿನಲ್ಲಿ. ರಾತ್ರಿ ಹೊಸ ಲಾಡ್ಜಿನಲ್ಲಿ ನಿದ್ದೆ ಇಲ್ಲ. ಬೆಳಿಗ್ಗೆ ರಿಂಗ್. ಹೇಗೆ ಓಡಬೇಕು ಅದು?

ನಾನೂ ಇದೇ ಎಡವಟ್ಟು ಮಾಡಿದವನು. ನಮ್ಮ ಮುಧೋಳ ಹೆಣ್ಣು ನಾಯಿ ಚೆನ್ನಿಯನ್ನು ಮೂರು ಸಲ ಕರೆದುಕೊಂಡು ಹೋಗಿದ್ದೇನೆ. ಮೊದಲ ಸಲ ಕೆಟ್ಟಿತು. ಎರಡನೇ ಸಲ ಅರ್ಧ ಕೆಟ್ಟಿತು, ಅದರ ಕಥೆ ಮುಂದೆ ಬರುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಿಂದುಮುಂದು ಮಾಡಿದರೆ ನಾಯಿಗೂ ಕಷ್ಟ, ಮನೆಯವರಿಗೂ ಬೇಜಾರು.

## ಎರಡು ತಿಂಗಳು ಮೊದಲೇ

1. ಕಾಗದ ಪತ್ರ ಯಾರ ಹೆಸರಿನಲ್ಲಿದೆ ನೋಡಿ

ಕೆನೆಲ್ ಕ್ಲಬ್ ಆಫ್ ಇಂಡಿಯಾ, ಅಂದರೆ ಕೆಸಿಐ ನಿಯಮದ ಶೋಗೆ ನಾಯಿಯ ನೋಂದಣಿ ಪತ್ರ ಬೇಕು, ಮೈಕ್ರೋಚಿಪ್ ನಂಬರ್ ಬೇಕು. ಇಲ್ಲಿ ಜಾಸ್ತಿ ಜನ ಎಡವುವುದು ಒಂದೇ ಕಡೆ. ಮರಿ ತಂದಾಗ ಬ್ರೀಡರ್ ಪತ್ರ ಕೊಟ್ಟಿರುತ್ತಾರೆ, ಮಾಲೀಕರ ಹೆಸರು ಮಾತ್ರ ಇನ್ನೂ ಅವರದೇ ಇರುತ್ತದೆ. ಹೆಸರು ವರ್ಗಾವಣೆ ಒಂದು ವಾರದಲ್ಲಿ ಆಗುವ ಕೆಲಸ ಅಂತ ಅಂದುಕೊಳ್ಳಬೇಡಿ.

ಪತ್ರದಲ್ಲಿರುವ ತಳಿಯ ಹೆಸರನ್ನೇ ಫಾರ್ಮಿನಲ್ಲಿ ಬರೆಯಿರಿ. ನಮ್ಮ ಮುಧೋಳ ಕೆಸಿಐ ದಾಖಲೆಯಲ್ಲಿ ಕ್ಯಾರವಾನ್ ಹೌಂಡ್. ಅಭಿಮಾನಕ್ಕೆ ಮುಧೋಳ ಅಂತ ಬರೆದು ಆಮೇಲೆ ಫೋನ್ ಮೇಲೆ ಫೋನ್ ಮಾಡಬೇಕಾಗುತ್ತದೆ.

ಶೋ ಶೆಡ್ಯೂಲ್ ಕೈಗೆ ಸಿಕ್ಕ ತಕ್ಷಣ ಎರಡು ವಿಷಯ ನೋಡಿ: ಎಂಟ್ರಿ ಮುಗಿಯುವ ದಿನ, ಮತ್ತು ಶೋ ದಿನಕ್ಕೆ ನಿಮ್ಮ ನಾಯಿಯ ವಯಸ್ಸು ಯಾವ ಕ್ಲಾಸಿಗೆ ಬರುತ್ತದೆ ಅಂತ. ಫಾರ್ಮ್ ತುಂಬುವ ದಿನದ ವಯಸ್ಸು ಲೆಕ್ಕಕ್ಕಿಲ್ಲ. ಎಂಟ್ರಿ ಮುಗಿದ ಮೇಲೆ ಯಾರ ಕೈ ಕಾಲು ಹಿಡಿದರೂ ಸಾಮಾನ್ಯವಾಗಿ ಕೆಲಸ ಆಗುವುದಿಲ್ಲ.

2. ಲಸಿಕೆ ಮತ್ತು ಬೆದೆಯ ಲೆಕ್ಕ

ರೇಬೀಸ್ ಲಸಿಕೆ, ಡಿಸ್ಟೆಂಪರ್–ಪಾರ್ವೊ ಲಸಿಕೆ ಬಾಕಿ ಇದ್ದರೆ ಹೊರಡುವುದಕ್ಕೆ ಕನಿಷ್ಠ ಮೂರು ವಾರ ಮೊದಲು ಹಾಕಿಸಿ. ಹಿಂದಿನ ದಿನ ಹಾಕಿಸಿದ ಲಸಿಕೆಯಿಂದ ಪುಸ್ತಕದಲ್ಲಿ ಒಂದು ಸೀಲ್ ಬರುತ್ತದೆ, ಅಷ್ಟೆ. ನೂರಾರು ನಾಯಿ ಒಂದೇ ಮೈದಾನದಲ್ಲಿ ಸೇರುವ ಜಾಗ ಅದು, ಹಾಗಾಗಿ ಕೆನೆಲ್ ಕಾಫ್, ಅಂದರೆ ನಾಯಿಯಿಂದ ನಾಯಿಗೆ ಹರಡುವ ಕೆಮ್ಮಿನ ಲಸಿಕೆ ಬಗ್ಗೆಯೂ ಡಾಕ್ಟರ್ ಹತ್ತಿರ ಕೇಳಿ.

ಹೆಣ್ಣು ನಾಯಿ ಇದ್ದರೆ ಕ್ಯಾಲೆಂಡರ್ ತೆಗೆದು ಕೂರಿ. ಸುಮಾರು ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಕಳೆದ ಸಲ ನವೆಂಬರ್‌ನಲ್ಲಿ ಬಂದಿತ್ತಾ? ಹಾಗಾದರೆ ಮೇ ಅಪಾಯದ ತಿಂಗಳು. ಶೋನ ನಿಯಮ ಏನು ಹೇಳುತ್ತದೆ ಅನ್ನುವುದು ಒಂದು ಕಡೆ. ನೀವು ಉಳಿಯುವ ಮನೆಯಲ್ಲಿ ಗಂಡು ನಾಯಿ ಇದ್ದರೆ ಆ ನಾಲ್ಕು ದಿನ ಯಾರಿಗೂ ನಿದ್ದೆ ಇರುವುದಿಲ್ಲ.

3. ಉಳಿಯುವ ಜಾಗ, ಇ-ಪಾಸ್

ಮೇ ಅಂದರೆ ಊಟಿಯ ಸೀಸನ್. ಸರ್ಕಾರಿ ಬೊಟಾನಿಕಲ್ ಗಾರ್ಡನ್‌ನ ಹೂವಿನ ಪ್ರದರ್ಶನವೂ ಅದೇ ತಿಂಗಳು. ರೂಮು ಬುಕ್ ಮಾಡುವಾಗ "ಪೆಟ್ಸ್ ಓಕೆ" ಅನ್ನುವ ಎರಡು ಪದ ನಂಬಿ ಹೋಗಬೇಡಿ. ಫೋನ್ ಮಾಡಿ, ನಾಯಿಯ ತೂಕ ಹೇಳಿ, ನಾಯಿ ರೂಮಿನ ಒಳಗೆ ಮಲಗಬಹುದಾ ಅಂತ ಬಾಯಿ ಬಿಟ್ಟು ಕೇಳಿ. ಒಂದು ಕಡೆ ನಮಗೆ ಹೂಂ ಅಂದಿದ್ದರು. ರಾತ್ರಿ ಎಂಟಕ್ಕೆ ಮುಟ್ಟಿದರೆ, ನಾಯಿಗೆ ಹಿತ್ತಲಿನ ಶೆಡ್ ತೋರಿಸಿದರು. ಚೆನ್ನಿಯ ಮೈಯಲ್ಲಿ ಬೆರಳಿಗೆ ಸಿಗುವಷ್ಟು ಕೊಬ್ಬಿಲ್ಲ, ಕೂದಲೂ ತೆಳು. ಮೇ ತಿಂಗಳಲ್ಲೂ ಊಟಿಯ ರಾತ್ರಿ ಹತ್ತು–ಹನ್ನೆರಡು ಡಿಗ್ರಿಗೆ ಇಳಿಯುತ್ತದೆ. ಆ ರಾತ್ರಿ ನಾನು ಕಾರಿನಲ್ಲೇ ಅವಳ ಜೊತೆ ಮಲಗಿದೆ.

ನೀಲಗಿರಿಗೆ ಹೋಗುವ ಹೊರಗಿನ ಗಾಡಿಗಳಿಗೆ ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇದು ಬಂತು. 2025ರ ಸೀಸನ್‌ನಲ್ಲಿ ಸಂಖ್ಯೆಗೂ ಮಿತಿ ಹಾಕಿದರು: ವಾರದ ದಿನ 6,000 ಗಾಡಿ, ವಾರಾಂತ್ಯ 8,000. ಶೋ ಇರುವುದು ಬಹುಪಾಲು ವಾರಾಂತ್ಯಕ್ಕೆ. ಹಾಗಾಗಿ ಶುಕ್ರವಾರ ಸಂಜೆ ಪಾಸ್ ಹುಡುಕುವ ಬದಲು ಬುಧವಾರ ಅಥವಾ ಗುರುವಾರ ಘಾಟಿ ಹತ್ತುವಂತೆ ಮೊದಲೇ ಪಾಸ್ ತೆಗೆದಿಡಿ. ಆ ವರ್ಷದ ನಿಯಮ ಏನಿದೆ ಅಂತ ಹೊರಡುವ ಮೊದಲು ಇನ್ನೊಮ್ಮೆ ನೋಡಿಕೊಳ್ಳಿ.

ಊಟಿಯಲ್ಲೋ ಕೋಟಗಿರಿಯಲ್ಲೋ ಪರಿಚಯದವರು "ನಮ್ಮ ಮನೆಗೇ ಬನ್ನಿ" ಅಂದರೆ ಇನ್ನೂ ಒಳ್ಳೆಯದು. ಆದರೆ ಒಪ್ಪುವ ಮೊದಲು ನಾಲ್ಕು ಮಾತು ನೇರವಾಗಿ ಆಡಿ: ನಿಮ್ಮ ಮನೆಯಲ್ಲಿ ನಾಯಿ, ಬೆಕ್ಕು, ಕೋಳಿ, ಹಸು ಏನಿದೆ? ವಯಸ್ಸಾದವರಿಗೆ, ಮಕ್ಕಳಿಗೆ ನಾಯಿ ಭಯ ಇದೆಯಾ? ನಾಯಿ ಎಲ್ಲಿ ಮಲಗಬೇಕು? ನಮ್ಮದು ರಾತ್ರಿ ಬೊಗಳುತ್ತದೆ, ಪರವಾಗಿಲ್ಲವಾ? ಸಂಕೋಚಕ್ಕೆ ಇದನ್ನು ಕೇಳದೆ ಹೋದವರು ಎರಡನೇ ರಾತ್ರಿ ಲಾಡ್ಜ್ ಹುಡುಕಿದ್ದನ್ನು ನೋಡಿದ್ದೇನೆ.

## ಡಿಕ್ಕಿಯಲ್ಲಿ ಏನಿರಬೇಕು

4. ಸಾಮಾನು ಎರಡು ಚೀಲ ಮಾಡಿ

ಒಂದು ಚೀಲ ಮನೆಗೆ, ಇನ್ನೊಂದು ರಿಂಗ್‌ಗೆ. ರಿಂಗ್ ಚೀಲದಲ್ಲಿ ನಾಯಿ ಹಿಡಿದು ಓಡಿಸುವ ಹಗ್ಗ ಅಂದರೆ ಶೋ ಲೀಡ್, ಬ್ರಷ್, ಒಣ ಟವೆಲ್ ಎರಡು, ಬೇಯಿಸಿದ ಲಿವರ್ ಸಣ್ಣ ತುಂಡು ಮಾಡಿದ್ದು, ನೀರಿನ ಬಟ್ಟಲು, ಲಸಿಕೆ ಪುಸ್ತಕ, ನೋಂದಣಿ ಪತ್ರದ ನಕಲು. ಈ ಚೀಲ ನಾಯಿಯನ್ನು ಓಡಿಸುವವರ ಹೆಗಲಿನಿಂದ ಇಳಿಯಬಾರದು.

ಮನೆ ಚೀಲದಲ್ಲಿ ಕ್ರೇಟ್, ಅಂದರೆ ನಾಯಿ ಮಲಗುವ ಪೆಟ್ಟಿಗೆಯ ಒಳಗೆ ಹಾಸುವ ಹಳೆಯ ಹೊದಿಕೆ. ಒಗೆಯಬೇಡಿ, ಮನೆಯ ವಾಸನೆ ಇರಲಿ. ದಿನಾ ತಿನ್ನುವ ಆಹಾರವನ್ನು ಎರಡು ದಿನ ಹೆಚ್ಚಿಗೇ ಇಟ್ಟುಕೊಳ್ಳಿ. ಹೊಸ ಊರಲ್ಲಿ ಹೊಸ ಊಟ ಹಾಕಿದರೆ ರಿಂಗ್ ದಿನ ಭೇದಿ ಗ್ಯಾರಂಟಿ. ತೆಳು ಕೂದಲಿನ ನಾಯಿಗೆ ಒಂದು ಕೋಟು.

ಒಂದು ಎಚ್ಚರಿಕೆ. ನೀಲಗಿರಿ ಜಿಲ್ಲೆಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ನಿಷೇಧ ಇದೆ. ಸಣ್ಣ ನೀರಿನ ಬಾಟಲಿ, ಕ್ಯಾರಿ ಬ್ಯಾಗ್ ಎಲ್ಲ ಚೆಕ್‌ಪೋಸ್ಟ್‌ನಲ್ಲಿ ಹಿಡಿಯುತ್ತಾರೆ. ಹಾಗಾದರೆ ನಾಯಿಯ ಕಕ್ಕ ಎತ್ತುವುದು ಯಾವುದರಲ್ಲಿ? ಹಳೆಯ ಪೇಪರ್. ಒಂದು ಹಾಳೆಯನ್ನು ನಾಲ್ಕು ಭಾಗ ಮಾಡಿ, ಮಡಿಸಿ, ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಇಟ್ಟುಕೊಳ್ಳಿ. ಕುಡಿಯುವ ನೀರಿಗೆ ಸ್ಟೀಲ್ ಕ್ಯಾನ್.

## ದಾರಿ

5. ಗುಂಡ್ಲುಪೇಟೆಯಲ್ಲೇ ಎಲ್ಲ ಮುಗಿಸಿ

ಹೊರಡುವ ಮೂರು–ನಾಲ್ಕು ಗಂಟೆ ಮೊದಲೇ ನಾಯಿಗೆ ಊಟ ನಿಲ್ಲಿಸಿ, ನೀರು ಕೊಡಿ. ಮೈಸೂರಿನಿಂದ ಬೆಳಿಗ್ಗೆ ಆರಕ್ಕೆ ಬಿಟ್ಟರೆ ಬಿಸಿಲು ಏರುವ ಮೊದಲು ಬಯಲು ದಾಟುತ್ತೀರಿ. ಬೆಂಗಳೂರಿನವರು ಹಿಂದಿನ ರಾತ್ರಿಯೇ ಮೈಸೂರಿಗೆ ಬಂದು ಮಲಗುವುದು ಒಳ್ಳೆಯದು. ಒಂದೇ ಓಟಕ್ಕೆ ಹೋಗುತ್ತೇನೆ ಅನ್ನುವವರ ನಾಯಿಗಳೇ ಘಾಟಿಯಲ್ಲಿ ವಾಂತಿ ಮಾಡುವುದು.

ಗುಂಡ್ಲುಪೇಟೆ ದಾಟಿದ ಮೇಲೆ ಬಂಡೀಪುರ, ಅದರಾಚೆ ಮುದುಮಲೈ. ಎರಡೂ ಹುಲಿ ಕಾಡು. ಅಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ, ನಾಯಿ ಇಳಿಸುವ ಮಾತೇ ಇಲ್ಲ. ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ರಸ್ತೆಯೇ ಬಂದ್. ಆದ್ದರಿಂದ ಗುಂಡ್ಲುಪೇಟೆಯಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿ. ನಿಮ್ಮ ಕಾಫಿ ಆಮೇಲೆ, ಮೊದಲು ನಾಯಿಯ ಒಂದು, ಎರಡು ಎರಡೂ ಆಗಲಿ. ಕಿಟಕಿ ನಾಲ್ಕು ಬೆರಳಿಗಿಂತ ಜಾಸ್ತಿ ತೆಗೆಯಬೇಡಿ. ಜಿಂಕೆ ಕಂಡರೆ ಬೇಟೆ ನಾಯಿ ಕಾರಿನ ಒಳಗೇ ಬಿಲ್ಲಿನ ಹಾಗೆ ಬಾಗಿ ನಿಲ್ಲುತ್ತದೆ. ಚೆನ್ನಿ ಒಮ್ಮೆ ಡ್ರೈವರ್ ಸೀಟಿನ ಮೇಲೇ ಹಾರಿದ್ದಳು. ಅವತ್ತಿನಿಂದ ಕಾಡಿನಲ್ಲಿ ಅವಳು ಕ್ರೇಟಿನಲ್ಲಿ, ಕ್ರೇಟಿನ ಮೇಲೆ ಬಟ್ಟೆ.

ಗೋಪಾಲಸ್ವಾಮಿ ಬೆಟ್ಟ ಹತ್ತಿರ ಇದೆ, ನೋಡಿಕೊಂಡೇ ಹೋಗೋಣ ಅನಿಸುತ್ತದೆ. ಬೇಡ. ಸ್ವಂತ ಗಾಡಿ ಕೆಳಗೆ ಬಿಟ್ಟು ಬಸ್ಸಿನಲ್ಲಿ ಹತ್ತಬೇಕು. ಆ ಹೊತ್ತಿಗೆ ನಾಯಿ ಎಲ್ಲಿರಬೇಕು?

6. ಯಾವ ಘಾಟಿ?

ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಮಸಿನಗುಡಿ ಮೇಲೆ ಕಲ್ಲಟ್ಟಿ ಘಾಟಿ, ಹತ್ತಿರದ ದಾರಿ, 36 ಹೇರ್‌ಪಿನ್ ತಿರುವು, ಕಡಿದಾದ ಏರು. ಇನ್ನೊಂದು ಗೂಡಲೂರು ಮೇಲೆ, ದೂರ ಜಾಸ್ತಿ, ತಿರುವು ಸಾವಕಾಶ. ನಾಯಿ ಜೊತೆಗಿದ್ದರೆ ಗೂಡಲೂರೇ ಸರಿ. ಜೊಲ್ಲು ಸುರಿಸುವುದು, ಪದೇ ಪದೇ ತುಟಿ ನೆಕ್ಕುವುದು, ಆಕಳಿಸುವುದು, ಇವು ವಾಂತಿಯ ಮುನ್ಸೂಚನೆ. ಇದರಲ್ಲಿ ಎರಡು ಕಂಡರೆ ಕಾಡು ದಾಟಿದ ಮೇಲೆ ಸಿಗುವ ಊರಿನಲ್ಲಿ ನಿಲ್ಲಿಸಿ ಹತ್ತು ನಿಮಿಷ ನಡೆಸಿ.

## ಶೋ ಮುಗಿಯುವ ತನಕ

7. ಮುಟ್ಟಿದ ದಿನ ಏನೂ ಮಾಡಬೇಡಿ

ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಬಯಲಿನ ನಾಯಿಗೆ ಚಳಿ, ತೆಳು ಗಾಳಿ ಎರಡೂ ಹೊಸದು. ಮೊದಲ ಸಂಜೆ ಅರ್ಧ ಗಂಟೆ ನಿಧಾನ ನಡಿಗೆ, ಅರ್ಧ ಹೊಟ್ಟೆ ಊಟ, ನಿದ್ದೆ. ಮಕ್ಕಳು ಹಟ ಮಾಡಿದರೆ ಮನೆಯಲ್ಲಿ ಒಬ್ಬರು ಅವರನ್ನು ಪೇಟೆಗೆ ಕರೆದುಕೊಂಡು ಹೋಗಲಿ, ನಾಯಿ ಹೋಗುವುದು ಬೇಡ.

ಮಾರನೆಯ ದಿನ ಶೋ ಮೈದಾನಕ್ಕೆ ಹೋಗಿ ಬನ್ನಿ. ಹಿಂದಿನ ವರ್ಷಗಳಲ್ಲಿ ಸರ್ಕಾರಿ ಕಲಾ ಕಾಲೇಜಿನ ಮೈದಾನದಲ್ಲಿ ಶೋ ನಡೆದಿದೆ. ಗಾಡಿ ಎಲ್ಲಿ ನಿಲ್ಲಿಸಬೇಕು, ಹುಲ್ಲು ಎಲ್ಲಿ ಒದ್ದೆ ಇದೆ, ಮೈಕಿನ ಶಬ್ದಕ್ಕೆ ನಾಯಿ ಹೇಗೆ ಕಿವಿ ನಿಮಿರಿಸುತ್ತದೆ, ಅಷ್ಟು ನೋಡಿದರೆ ಸಾಕು. ಬೇರೆ ನಾಯಿಗಳ ಮೂಗಿಗೆ ಮೂಗು ತಾಗಿಸಿ "ಹಾಯ್" ಹೇಳಿಸುವ ಚಟ ಬಿಡಿ. ರೋಗ ಹರಡುವುದೂ ಹೀಗೇ, ಜಗಳ ಶುರುವಾಗುವುದೂ ಹೀಗೇ.

8. ರಿಂಗ್ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ

ನಿಮ್ಮ ತಳಿಯ ಹೊತ್ತಿಗಿಂತ ಒಂದೂವರೆ ಗಂಟೆ ಮೊದಲು ಹೋಗಿ ನಂಬರ್ ತೆಗೆದುಕೊಳ್ಳಿ. ಬೆಳಿಗ್ಗೆ ಪೂರ್ತಿ ಊಟ ಬೇಡ, ಒಂದು ಹಿಡಿ ಸಾಕು. ರಿಂಗ್ ಹತ್ತಿರ ಹೋಗುವ ಮೊದಲು ಮೈ ಒರೆಸಿ. ಊಟಿಯ ಮೇ ಮಳೆಗೆ ಗಂಟೆ ಗಡಿಯಾರ ಇಲ್ಲ.

ಈಗ ಎರಡನೇ ಸಲದ ಕಥೆ. ಬೆಳಿಗ್ಗೆ ಹನ್ನೊಂದಕ್ಕೆ ಚೆನ್ನಿಯ ಕ್ಲಾಸ್ ಮುಗಿಯಿತು. ಅವಳು ಬೆಸ್ಟ್ ಆಫ್ ಬ್ರೀಡ್. ಎಲ್ಲರಿಗೂ ಖುಷಿ. ನಾನು ಮೈದಾನದಲ್ಲೇ ಉಳಿದೆ, ಮನೆಯವರು ಕಾರ್ ತೆಗೆದುಕೊಂಡು ಬೋಟ್ ಹೌಸ್‌ಗೆ ಹೋದರು. ರಿಂಗ್ ಚೀಲ ಕಾರಿನಲ್ಲೇ ಉಳಿಯಿತು. ತಳಿಯಲ್ಲಿ ಗೆದ್ದ ನಾಯಿ ಮಧ್ಯಾಹ್ನ ಗುಂಪಿನ ಸ್ಪರ್ಧೆಗೆ ಮತ್ತೆ ಬರಬೇಕು ಅನ್ನುವುದು ಮೈಕಿನಲ್ಲಿ ಕೂಗಿದಾಗಲೇ ನನಗೆ ಹೊಳೆದದ್ದು. ಫೋನ್ ಮಾಡಿದರೆ ಅವರು ದೋಣಿಯ ಮೇಲೆ. ಪಕ್ಕದ ಟೆಂಟಿನ ಕೊಯಮತ್ತೂರಿನವರು ತಮ್ಮ ಲೀಡ್ ಕೊಟ್ಟರು. ಅದು ಚೆನ್ನಿಗೆ ದಪ್ಪ, ಕತ್ತಿನಲ್ಲಿ ಕೂರಲೇ ಇಲ್ಲ. ಅರ್ಧ ಸುತ್ತು ತಲೆ ಒದರುತ್ತಲೇ ಓಡಿದಳು.

ಆದ್ದರಿಂದ ಶೋ ದಿನ ರೂಮ್ ಖಾಲಿ ಮಾಡಬೇಡಿ, ರೈಲು ಟಿಕೆಟ್ ಇಟ್ಟುಕೊಳ್ಳಬೇಡಿ, ಕಾರ್ ಕಳಿಸಬೇಡಿ. ಸೋತರೆ ಮಧ್ಯಾಹ್ನ ಬಿಡುವು ಸಿಗುತ್ತದೆ, ಅಷ್ಟೇ ಅಲ್ವಾ.

ಇನ್ನೊಂದು ಅಪಾಯ, ಊಟಿ ತಂಪು ಅಂತ ನಾಯಿಯನ್ನು ಮುಚ್ಚಿದ ಕಾರಿನಲ್ಲಿ ಬಿಡುವುದು. ಹೊರಗೆ 21 ಡಿಗ್ರಿ ಇದ್ದರೂ ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಅರ್ಧ ಗಂಟೆಯಲ್ಲಿ 40ರ ಹತ್ತಿರ ಹೋಗುತ್ತದೆ. ಜೋರು ಏದುಸಿರು, ಕಡು ಕೆಂಪು ಒಸಡು, ತೂರಾಡುವ ನಡಿಗೆ ಕಂಡರೆ ನೆರಳಿಗೆ ತಂದು ಮೈಗೆ ತಣ್ಣೀರು ಹಾಕುತ್ತಾ, ಗಾಳಿ ಬೀಸುತ್ತಾ ಡಾಕ್ಟರ್ ಹತ್ತಿರ ಓಡಿ. ಮೈದಾನದಲ್ಲಿ ಡಾಕ್ಟರ್ ಎಲ್ಲಿ ಕೂತಿದ್ದಾರೆ ಅಂತ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ.

## ಈಗ ಊರು ನೋಡಿ

9. ಪಾಳಿ ಹಾಕಿಕೊಂಡು ಸುತ್ತಿ

ಬೊಟಾನಿಕಲ್ ಗಾರ್ಡನ್, ರೋಸ್ ಗಾರ್ಡನ್, ಬೋಟ್ ಹೌಸ್, ಗುಡ್ಡದ ರೈಲು, ಇಲ್ಲೆಲ್ಲ ನಾಯಿ ಇಲ್ಲ ಅಂತಲೇ ಲೆಕ್ಕ ಹಾಕಿ ಹೊರಡಿ. ಗೇಟಿನಲ್ಲಿ ವಾದ ಮಾಡಿ ಅರ್ಧ ದಿನ ಕಳೆಯುವುದಕ್ಕಿಂತ ಪಾಳಿ ಹಾಕುವುದು ಸುಲಭ. ಬೆಳಿಗ್ಗೆ ಇಬ್ಬರು ರೈಲಿನಲ್ಲಿ ಊಟಿಯಿಂದ ಕೂನೂರಿಗೆ ಹೋಗಲಿ, ಒಂದು ಗಂಟೆಯ ದಾರಿ. ಉಳಿದವರು ನಾಯಿ ಜೊತೆ ಕಾರಿನಲ್ಲಿ ಇಳಿದು ಕೂನೂರಿನಲ್ಲಿ ಸೇರಿಕೊಳ್ಳಲಿ. ವಾಪಸ್ ಬರುವಾಗ ಅದಲುಬದಲು. ಸೀಸನ್‌ನಲ್ಲಿ ರೈಲಿನ ಟಿಕೆಟ್ ಮೊದಲೇ ಮಾಡಿಸಬೇಕು. ಹಲ್ಲಿನ ಗಾಲಿಯ ಕಡಿದಾದ ಹಾದಿ ಇರುವುದು ಕೂನೂರಿನಿಂದ ಕೆಳಗೆ ಕಲ್ಲಾರ್ ತನಕ. ಅದನ್ನೂ ನೋಡಬೇಕು ಅಂದರೆ ಇನ್ನೊಂದು ದಿನ ಬೇಕು.

ನಾಯಿಗೂ ಒಂದು ದಿನ ಬೇಡವೇ? ಊಟಿಯಿಂದ ಕೋಟಗಿರಿ ಸುಮಾರು 30 ಕಿಲೋಮೀಟರ್, ಗದ್ದಲ ಕಡಿಮೆ. ತೋಟದ ಮಾಲೀಕರನ್ನು ಕೇಳಿ, ಟೀ ತೋಟದ ಒಳದಾರಿಯಲ್ಲಿ ಲೀಡ್ ಹಾಕಿ ನಡೆಸಿ. ಅಲ್ಲಿಂದ ಮುಂದೆ ಕೊಡನಾಡು ಅಂಚಿಗೆ ಹೋದರೆ ಕೆಳಗೆ ಮೋಯಾರ್ ಕಣಿವೆ ಕಾಣುತ್ತದೆ. ನಾವು ಬಂದ ಬಯಲು ಸೀಮೆ ಅದರಾಚೆ.

ಲೀಡ್ ಬಿಚ್ಚಬೇಡಿ. ಟೀ ಗಿಡದ ಸಾಲಿನಲ್ಲಿ ಕಾಟಿ ಮಲಗಿರುತ್ತದೆ, ಕರಡಿ ಓಡಾಡುತ್ತದೆ. ಚಿರತೆಗೆ ನಾಯಿ ಅಂದರೆ ಇಷ್ಟದ ಊಟ. ಸಂಜೆ ಆರರ ಮೇಲೆ ನಾಯಿ ಅಂಗಳದಲ್ಲೂ ಒಂಟಿಯಾಗಿ ಇರಬಾರದು. ರಾತ್ರಿ ಮೂತ್ರಕ್ಕೆ ಬಿಡುವಾಗ ಟಾರ್ಚ್ ಹಿಡಿದು ನೀವೂ ಹೋಗಿ. ನಾಯಿ ಇದ್ದಕ್ಕಿದ್ದಂತೆ ಬೊಗಳುವುದು ನಿಲ್ಲಿಸಿ ಕಾಲ ಸಂದಿಗೆ ಬಂದರೆ ಹಿಂದೆ ತಿರುಗಿ ನೋಡಬೇಡಿ, ಒಳಗೆ ನಡೆಯಿರಿ.

10. ಒಬ್ಬರ ಮನೆಯಲ್ಲಿ ಉಳಿದಾಗ

ಮೂರನೇ ಸಲ ನಾವು ಕೋಟಗಿರಿ ಹತ್ತಿರ ಒಂದು ಬಡಗ ಹಟ್ಟಿಯಲ್ಲಿ, ಅಂದರೆ ನೀಲಗಿರಿಯ ಬಡಗ ಸಮುದಾಯದವರ ಊರಿನಲ್ಲಿ ಉಳಿದೆವು, ಹಿಂದಿನ ವರ್ಷ ಶೋನಲ್ಲಿ ಪರಿಚಯವಾದವರ ಮನೆ. ಬಡಗರ ಮಾತು ಕನ್ನಡಕ್ಕೆ ತೀರಾ ಹತ್ತಿರ. ನಿಧಾನ ಆಡಿದರೆ ಅರ್ಧಕ್ಕರ್ಧ ಅರ್ಥವಾಗುತ್ತದೆ. ಹಟ್ಟಿ, ಹಬ್ಬ, ಹಿಟ್ಟು ಎಲ್ಲ ನಮ್ಮವೇ. ಕನ್ನಡದಲ್ಲೇ ಮಾತಾಡಿಸಿ, ಸುಮ್ನೆ ಇಂಗ್ಲಿಷ್ ಹುಡುಕಬೇಡಿ.

ಕೈ ಬೀಸಿಕೊಂಡು ಹೋಗಬೇಡಿ. ಮೈಸೂರು ಪಾಕ್, ನಂಜನಗೂಡು ರಸಬಾಳೆ ಸಿಕ್ಕರೆ ಒಂದು ಚಿಪ್ಪು, ಅಷ್ಟು ಸಾಕು. ಮನೆಯ ಹಿರಿಯರ ಮುಂದೆ ತಲೆ ಬಾಗಿದರೆ ಅವರು ತಲೆ ಮೇಲೆ ಕೈ ಇಟ್ಟು ಹರಸುತ್ತಾರೆ. ಆ ಹೊತ್ತಿಗೆ ನಾಯಿಯ ಲೀಡ್ ಬೇರೆಯವರ ಕೈಯಲ್ಲಿರಲಿ. ಚೆನ್ನಿ ನನ್ನ ಜೊತೆಗೇ ನುಗ್ಗಿ ಅಜ್ಜಿಯ ಬಿಳಿ ಬಟ್ಟೆಗೆ ಎರಡು ಮಣ್ಣಿನ ಪಂಜ ಒತ್ತಿದಳು. ಅಜ್ಜಿ ಅವಳ ತಲೆ ಮೇಲೂ ಕೈ ಇಟ್ಟರು. ಬಟ್ಟೆ ಒಗೆದುಕೊಡಲು ನನ್ನ ಹೆಂಡತಿ ಕೇಳಿದರೆ ಕೊಡಲೇ ಇಲ್ಲ.

ಗುಡಿ ಮತ್ತು ಅದರ ಸುತ್ತಿನ ಜಾಗಕ್ಕೆ ನಾಯಿ ಬೇಡ. ಹಳೆಯ ಬಡಗ ಮನೆಗಳಲ್ಲಿ ಹಾಲಿನ ಕೋಣೆ ಪವಿತ್ರ, ಅತ್ತ ನೀವೂ ಸುಳಿಯಬೇಡಿ. ಹಸು ಎಮ್ಮೆ ಕಂಡು ನಾಯಿ ಎಗರಿದರೆ ಮನೆಯವರು ನಕ್ಕು ಸುಮ್ಮನಾಗಬಹುದು, ಮನಸ್ಸಿಗೆ ಮಾತ್ರ ಹಿಡಿಸಿರುವುದಿಲ್ಲ. ನಾಯಿಯ ಬಟ್ಟಲು ನಿಮ್ಮದೇ ಇರಲಿ, ಅವರ ಅಡುಗೆಮನೆಯ ಪಾತ್ರೆ ಕೇಳಬೇಡಿ. ಅವರೆ ಉದಕ, ಅಂದರೆ ಅವರೆಕಾಳಿನ ಸಾರು ಬಡಿಸಿದರೆ ಎರಡನೇ ಸಲ ಹಾಕಿಸಿಕೊಳ್ಳಿ. ಅದೇ ಪ್ರೀತಿಯಲ್ಲಿ ನಾಯಿಗೂ ಬಡಿಸಲು ಬರುತ್ತಾರೆ, ಆಗ ನಗುತ್ತಲೇ ತಡೆಯಿರಿ. ಈರುಳ್ಳಿ ಹಾಕಿದ್ದು ನಾಯಿಗೆ ವಿಷ ಅಂತ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. ಬದಲಿಗೆ ಒಂದು ತುತ್ತು ಬರೀ ಅನ್ನ ಅವರ ಕೈಯಿಂದಲೇ ಹಾಕಿಸಿ.

ಹೊರಡುವ ದಿನ ನಾಯಿ ಮಲಗಿದ ಜಾಗ ನೀವೇ ಗುಡಿಸಿ, ಅಂಗಳದಲ್ಲಿ ಅಗೆದ ಗುಂಡಿ ಮುಚ್ಚಿ.

## ವಾಪಸ್

11. ಇಳಿಯುವುದು, ಮತ್ತು ಆಮೇಲಿನ ಹತ್ತು ದಿನ

ಇಳಿಯುವಾಗ ಗೂಡಲೂರು ದಾರಿಯೇ. ಕಲ್ಲಟ್ಟಿ ಘಾಟಿಯಲ್ಲಿ ಹೊರಗಿನ ಗಾಡಿಗಳನ್ನು ಕೆಳಗೆ ಬಿಡುವುದಿಲ್ಲ. ಮಧ್ಯಾಹ್ನ ಎರಡರ ಒಳಗೆ ಊಟಿ ಬಿಟ್ಟರೆ ಕಾಡಿನ ಗೇಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮನೆಗೆ ಬಂದ ರಾತ್ರಿಯೇ ಬೆರಳು ಆಡಿಸಿ ಉಣ್ಣಿ ಹುಡುಕಿ: ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದಿ, ಕಂಕುಳು, ಬಾಲದ ಬುಡ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಪ್ರಯೋಗ ಬೇಡ.

ಮುಂದಿನ ಹತ್ತು ದಿನ ಬೀದಿಯ, ಪಕ್ಕದ ಮನೆಯ ನಾಯಿಗಳಿಂದ ದೂರ ಇಡಿ. ಮರಿ ಇರುವ ಮನೆಗಂತೂ ಹೋಗಲೇಬೇಡಿ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಕೆಮ್ಮಿ ಕೊನೆಗೆ ಬಿಳಿ ನೊರೆ ಕಕ್ಕಿದರೆ ಅದು ಕೆನೆಲ್ ಕಾಫ್ ಇರಬಹುದು. ಮೂಳೆ ಸಿಕ್ಕಿದೆ ಅಂತ ಗಂಟಲಿಗೆ ಕೈ ಹಾಕಬೇಡಿ. ರಕ್ತ ಬೆರೆತ ಭೇದಿ, ಊಟ ಬಿಟ್ಟು ಮೂಲೆ ಹಿಡಿಯುವುದು ಕಂಡರೆ ಬೆಳಗಾಗಲಿ ಅಂತ ಕಾಯದೆ ಅದೇ ಹೊತ್ತಿಗೆ ಡಾಕ್ಟರ್‌ಗೆ ತೋರಿಸಿ, ಲಸಿಕೆ ಪುಸ್ತಕ ಜೊತೆಗಿರಲಿ. ಉಳಿದಿದ್ದ ಮನೆಯವರಿಗೂ ಒಂದು ಫೋನ್ ಮಾಡಿ ಹೇಳಿ, ಅವರ ಮನೆಯಲ್ಲೂ ನಾಯಿ ಇದೆ.